ಮೂರನೆಯ ಸಲವೂ ಸಾಕು ಅಂದದ್ದು

ನನ್ನ ಕೈ ನಿಧಾನ ಎಂದು ನಲವತ್ತಾರು ವರ್ಷ ಯಾರೂ ದೂರಿರಲಿಲ್ಲ. ಜೇವರ್ಗಿ ತಾಲೂಕು ಕಚೇರಿ ಎದುರಿನ ನನ್ನ ಝೆರಾಕ್ಸ್ ಅಂಗಡಿಗೆ ಆ ವೇಗ ಧಾರಾಳವಾಗಿ ಸಾಕು. ದೂರಿದವನು ಟೈರ್ ಅಂಗಡಿಯ ಬಂದೇನವಾಜ, ಪಿಕಲ್‌ಬಾಲ್‌ನಲ್ಲಿ ನನ್ನ ಜೋಡಿ. ಮುಚ್ಚಿಹೋದ ದಾಲ್ ಮಿಲ್ಲಿನ ಅಂಗಳದಲ್ಲಿ ನಾವೇ ಸುಣ್ಣದ ಗೆರೆ ಎಳೆದು, ನೆಟ್ ಕಟ್ಟಿ, ತೂತು ತೂತಿನ ಪ್ಲಾಸ್ಟಿಕ್ ಚೆಂಡನ್ನು ಹಲಗೆಯಂಥ ಬ್ಯಾಟಿನಿಂದ ಎರಡು ವರ್ಷದಿಂದ ಬಾರಿಸುತ್ತಿದ್ದೇವೆ.

“ನೆಟ್ ಹಂತ್ಯಾಕ ನಿಂತಾಗ ಚೆಂಡು ಎದಿಗೆ ಬಂದ್ರ, ನಿನ್ನ ಕೈ ಏಳೋದ್ರಾಗ ಅದು ಗೇಟ್ ದಾಟಿರ್ತದ ಸಿದ್ದಲಿಂಗ. ಕಡಗಂಚಿ ಟೂರ್ನಮೆಂಟಿಗೆ ಇಪ್ಪತ್ತು ದಿನ ಅದ. ಸುಧಾರಿಸ್ಲಿಲ್ಲಂದ್ರ ನಾ ಅರ್ಫಾತನ್ನ ಕರ್ಕೊಂಡು ಹೋಗ್ತೇನಿ,” ಎಂದ.

ನಮ್ಮ ಜೊತೆ ಆಡಲು ಬರುವ ಅರ್ಫಾತನಿಗೆ ಇಪ್ಪತ್ತೆರಡು ವರ್ಷ, ಹೊಟ್ಟೆಯೇ ಇಲ್ಲ. ನನಗೆ ಮೈಯೆಲ್ಲ ಉರಿಯಿತು. ದಿನವಿಡೀ ಪಹಣಿ ನಕಲು ತೆಗೆಯುವವನಿಗೆ ಬೆಳಗಿನ ಆ ಒಂದು ತಾಸಿನ ಆಟವೇ ಜೀವ.

ಮೊಬೈಲ್‌ನಲ್ಲಿ ವಿಡಿಯೊ ನೋಡಿ, ಮನೆಯ ಗೋಡೆಗೆ ಮೂರು ಹೆಜ್ಜೆ ದೂರ ನಿಂತು ಚೆಂಡು ಬಾರಿಸತೊಡಗಿದೆ. ಎರಡನೇ ದಿನವೇ ಪಕ್ಕದ ಮನೆಯ ಸಕ್ಕುಬಾಯಿ ಬಂದು, “ಗ್ವಾಡಿ ಕೆಡವಾಕತ್ತೀರೇನ್ರಿ?” ಎಂದು ಕೇಳಿದರು. ಆ ವಿದ್ಯೆ ಅಲ್ಲಿಗೇ ಮುಗಿಯಿತು.

ಆಗ ಕಣ್ಣಿನ ಪೊರೆ ತೆಗೆಸಿಕೊಂಡ ನನ್ನ ಅತ್ತೆ ಗುರಮ್ಮ ಸರಸಂಬಾದಿಂದ ಬಂದು ನಮ್ಮಲ್ಲಿದ್ದರು. ವಿಶ್ರಾಂತಿ ತಗೊಳ್ಳಿ ಎಂದರೆ ಕೇಳದೆ ಬಡಿಸುವ ಕೆಲಸ ಹಿಡಿದಿದ್ದರು. ಎಪ್ಪತ್ತು ವರ್ಷದ ಆ ಕೈ ಎಲ್ಲಿಂದ ಬರುತ್ತದೋ ತಿಳಿಯದು. ನಾನು “ಸಾಕ್ರಿ ಅತ್ತಿ” ಎನ್ನುವಷ್ಟರಲ್ಲಿ ರೊಟ್ಟಿ ತಟ್ಟೆಯಲ್ಲಿರುತ್ತಿತ್ತು. ಪೊರೆ ತೆಗೆದ ಮೇಲೆ ಗುರಿಯೂ ತಪ್ಪುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಹಾಗೆ ಸೋತು ತಿನ್ನುತ್ತಿರುವಾಗ, ತಪ್ಪೆಲ್ಲಿದೆ ಎಂದು ಹೊಳೆಯಿತು. ಊಟಕ್ಕೆ ಬಲಗೈಯಾದರೂ ನಾನು ಬ್ಯಾಟ್ ಹಿಡಿಯುವುದು ಎಡಗೈಯಲ್ಲಿ, ಅದು ತೊಡೆಯ ಮೇಲೆ ಮಲಗಿರುತ್ತಿತ್ತು. ಮರುದಿನದಿಂದ ಅದನ್ನು ಎದೆಯ ಮುಂದೆ, ಬಿಗಿ ಹಿಡಿಯದೆ ಇಟ್ಟುಕೊಂಡೆ. ರೊಟ್ಟಿ ನೋಡುವುದು ಬಿಟ್ಟು ಅತ್ತೆಯ ಮಣಿಕಟ್ಟು ನೋಡಿದೆ. ಕೈ ಬೀಸದೆ ಗೇಣು ಮಾತ್ರ ಸರಿಸಿದೆ. ನಾಲ್ಕನೇ ದಿನ ರೊಟ್ಟಿ ನನ್ನ ಅಂಗೈಗೆ ಬಡಿದು ನಿಂತಿತು.

“ಇದೇನ್ರಿ, ಗುದ್ದಾಡೋರಂಗ ಕುಂತೀರಿ?” ಎಂದಳು ಹೆಂಡತಿ ಜಯಮಾಲಾ.

ನೆಟ್ ಎದುರೂ ಕೈ ಹಾಗೇ ಇಟ್ಟು ನಿಂತೆ, ಹತ್ತು ದಿನದಲ್ಲಿ ದಾಲ್ ಮಿಲ್ಲಿನಲ್ಲಿ ನನ್ನದೇ ಹೆಸರು. ಆದರೆ ಬಂದೇನವಾಜನ ಹುಬ್ಬು ಗಂಟಾಗಿಯೇ ಇತ್ತು. “ಎರಡು ಚೆಂಡು ಭಾರಿ ತಡಿತಿ. ಮೂರನೇದಕ್ಕ ಕೈ ಯಾಕ ತೆಗಿತಿ? ಅದು ನಿನ್ನ ಹೊಟ್ಟಿಗೆ ಬಡಿಯಾಕತ್ತದ.”

ಯಾಕೆಂದು ನನಗೆ ಗೊತ್ತಿತ್ತು, ಹೇಳಲು ನಾಚಿಕೆ. ನಮ್ಮ ಕಡೆ ಊಟಕ್ಕೆ ಕೂತವರು ಎರಡು ಸಲ ಬೇಡ ಅನ್ನಬೇಕು, ಮೂರನೆಯ ಸಲ ಕೈ ತೆಗೆಯಬೇಕು. ಮೂರನೆಯ ಸಲವೂ ತಡೆದರೆ ಬಡಿಸುವವರಿಗೆ ಅವಮಾನ. ದಿನವೂ ಹಾಗೇ ಪಳಗಿದ ಕೈ ಅಂಗಳದಲ್ಲೂ ಮರ್ಯಾದೆ ಬಿಡಲಿಲ್ಲ.

“ಇದೊಂದು ಬಿಡಿಸ್ಕೋ, ಇಲ್ಲಂದ್ರ ಅರ್ಫಾತನೇ,” ಎಂದ ಬಂದೇನವಾಜ.

ಟೂರ್ನಮೆಂಟಿಗೆ ಎರಡು ದಿನ ಉಳಿದಿತ್ತು. ಅತ್ತೆ ಶೇಂಗಾ ಹೋಳಿಗೆ ಮಾಡಿದ್ದರು. ಎರಡು ಸಲ ತಡೆದೆ. ಮೂರನೆಯ ಸಲ ಅವರು ನಗುತ್ತ ಬಾಗಿದರು, “ಇದೊಂದು ತಗೋರಿ, ನಿಮ್ಮ ಸಲುವಾಗೇ ಮಾಡೀನಿ.” ನಾನು ಹಲ್ಲು ಕಚ್ಚಿ ಕೈ ಅಡ್ಡ ಇಟ್ಟೆ. ಹೋಳಿಗೆ ಬೆರಳಿಗೆ ಬಡಿದು ನೆಲಕ್ಕೆ ಬಿತ್ತು.

ಅತ್ತೆ ಅದನ್ನು ಎತ್ತಿಕೊಂಡು ಒಳಗೆ ಹೋದರು. ಜಯಮಾಲಾ ನನ್ನನ್ನು ನೋಡಿದ ರೀತಿ ಇಲ್ಲಿ ಬರೆಯುವಂಥದ್ದಲ್ಲ. ಪಿಕಲ್‌ಬಾಲ್ ಸಲುವಾಗಿ ಎಂದು ಅತ್ತೆಗೆ ವಿವರಿಸಿದೆ. “ಇರ್ಲಿ ಬಿಡ್ರಿ,” ಎಂದರು. ಆ ಮಾತಿನಲ್ಲಿ ಏನೂ ಇರಲಿಲ್ಲ ಎಂಬುದೇ ನನಗೆ ಹೆದರಿಕೆ ಹುಟ್ಟಿಸಿತು.

ಕಡಗಂಚಿಯಲ್ಲಿ ಮೂರನೆಯದನ್ನೂ ತಡೆದೆ, ನಾಲ್ಕನೆಯದನ್ನೂ ತಡೆದೆ. ನಮ್ಮ ಜೋಡಿಗೆ ಎರಡನೇ ಬಹುಮಾನ ಬಂತು. ಬಂದೇನವಾಜ ಎಲ್ಲರೆದುರು ತಬ್ಬಿಕೊಂಡು, “ಮುಂದಿನ ವರ್ಷಾನೂ ನೀನೇ,” ಎಂದ.

ಮನೆಗೆ ಬಂದು ಊಟಕ್ಕೆ ಕೂತೆ. ಅತ್ತೆ ಒಂದು ರೊಟ್ಟಿ ಹಾಕಿ ಮುಂದೆ ಹೋದರು. ಜಯಮಾಲಾಳ ಹತ್ತಿರ ಹೋಗಿ ಒತ್ತಾಯ ಮಾಡಿ ಮೂರು ಹಾಕಿದರು. ನನ್ನ ಕೈ ಎದೆಯ ಮುಂದೆ ಸಿದ್ಧವಾಗಿಯೇ ಇತ್ತು, ಯಾರೂ ಬರಲಿಲ್ಲ. ಹಸಿವು ಮಾತ್ರ ಜೋರಾಗಿತ್ತು.

ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನಾನೇ ಬಾಯಿ ಬಿಟ್ಟು ಕೇಳಿದೆ, “ಅತ್ತಿ, ಇನ್ನೊಂದು ರೊಟ್ಟಿ ಹಾಕ್ರಿ.”

ಅತ್ತೆ ನಿಧಾನವಾಗಿ ಬಂದು, ನಾನು ಕೇಳಿದಷ್ಟೇ ಹಾಕಿದರು.