ಗುಬ್ಬಿ ಗುರುತಿನ ತೊಟ್ಟಿಲು

ಆ ಬಡಗಿಯನ್ನು ಬೀದಿಯವರೆಲ್ಲ ಗುಬ್ಬಿಯಣ್ಣ ಎನ್ನುತ್ತಿದ್ದರು. ಆಳೇನೋ ಬಾಗಿಲು ದಾಟಲು ತಲೆ ತಗ್ಗಿಸಬೇಕಾದಷ್ಟು ಎತ್ತರ. ಹೆಸರು ಬಂದದ್ದು ಕೆಲಸದಿಂದ. ತೊಟ್ಟಿಲು ಮಾಡುವುದರಲ್ಲಿ ಅವನದು ಎತ್ತಿದ ಕೈ. ಪ್ರತಿ ತೊಟ್ಟಿಲಿನ ಅಡಿಹಲಗೆಗೂ ಹೆಬ್ಬೆರಳಿನಷ್ಟು ಗುಬ್ಬಿಯೊಂದನ್ನು ಕೆತ್ತಿಯೇ ಕಳಿಸುತ್ತಿದ್ದ. ಆ ಗುಬ್ಬಿ ಇದ್ದರೆ ಜನ ಇನ್ನೇನೂ ಕೇಳುತ್ತಿರಲಿಲ್ಲ.

ಮೊದಲು ಬಂದು ಕೂಗಾಡಿದವನು ಒಬ್ಬ ಬಸ್ ಡ್ರೈವರ್. ಫೋನನ್ನು ಗುಬ್ಬಿಯಣ್ಣನ ಮೂಗಿಗೆ ಹಿಡಿದು, "ದುಡ್ಡು ನುಂಗಿ ಕೂತಿದ್ದೀರಲ್ಲ, ತೊಟ್ಟಿಲೆಲ್ಲಿ?" ಎಂದ. ಫೋನಿನೊಳಗೆ ಒಂದು ಅಂಗಡಿ. ಗುಬ್ಬಿಯಣ್ಣನದೇ ತೊಟ್ಟಿಲುಗಳು, ಅವನದೇ ಬೋರ್ಡು, ಅವನದೇ ವಿಳಾಸ. ಬೆಲೆ ಮಾತ್ರ ಅರ್ಧ. ಆನ್‌ಲೈನ್ ಅಂಗಡಿಯ ಮಾತು ಹಾಗಿರಲಿ, ಗುಬ್ಬಿಯಣ್ಣನಿಗೆ ಒಂದು ಫೋಟೋ ಕಳಿಸಲೂ ಹೆಂಡತಿಯೇ ಬೇಕಿತ್ತು.

ಮೊಬೈಲ್ ರಿಪೇರಿ ಮಾಡುವ ಬಾಮೈದ ಓಡಿ ಬಂದು ಪರೀಕ್ಷೆ ಮಾಡಿದ.

"ಭಾವ, ಇದು ಶುದ್ಧ ಟೋಪಿ ಅಂಗಡಿ. ಶುರುವಾಗಿದ್ದೇ ಮೊನ್ನೆ ಮೊನ್ನೆ. ಸಾಮಾನು ಕೈಗೆ ಬಂದಮೇಲೆ ದುಡ್ಡು ಕೊಡ್ತೀನಿ ಅಂದ್ರೆ ಒಪ್ಪಲ್ಲ, ಮುಂಚೇನೇ ಕಟ್ಬೇಕು. ಕೊಟ್ಟಿರೋ ನಂಬರು ರಿಂಗೇ ಆಗಲ್ಲ. ಫೋಟೋ ಎಲ್ಲ ಅಕ್ಕ ಫೇಸ್‌ಬುಕ್‌ಗೆ ಹಾಕಿದ್ದನ್ನ ಕದ್ದಿರೋದು. ಕಣ್ಣು ಬಿಟ್ಟು ನೋಡೋರು ಯಾರೂ ಬೀಳಲ್ಲ ಬಿಡಿ."

"ಬಿದ್ದೋರೆಲ್ಲ ನನ್ನ ಬಾಗಿಲಿಗೇ ಬರ್ತಾರಲ್ಲಪ್ಪ," ಎಂದ ಗುಬ್ಬಿಯಣ್ಣ.

ಬಂದೇ ಬಂದರು. ಪೊಲೀಸರಿಗೆ ದೂರು ಕೊಟ್ಟಾಯಿತು, 'ನಾವು ಆನ್‌ಲೈನ್‌ನಲ್ಲಿ ಮಾರುವುದಿಲ್ಲ' ಎಂದು ಬಾಗಿಲಿಗೆ ಹಲಗೆ ಹೊಡೆದದ್ದೂ ಆಯಿತು. ಕೆಲವರು ಅದನ್ನು ಓದಿ ಗೊಣಗುತ್ತಾ ಹೋದರು. ಕೆಲವರು ಓದಿಯೂ ಬೈದರು. ತಾನು ಮಾಡದ ತಪ್ಪಿಗೆ ಕೈ ಮುಗಿದೂ ಮುಗಿದೂ ಗುಬ್ಬಿಯಣ್ಣನಿಗೆ ಉಳಿ ಹಿಡಿಯುವುದಕ್ಕೇ ಬೇಸರ ಹುಟ್ಟಿತು.

ಹೀಗಿರುವಾಗ ಒಬ್ಬ ತುಂಬು ಬಸುರಿ ಬಂದಳು. ಹಲಗೆಯತ್ತ ನೋಡಲೂ ಇಲ್ಲ, ಬೈಯಲೂ ಇಲ್ಲ. ಅಲ್ಲೇ ಇದ್ದ ಮರದ ದಿಮ್ಮಿಯ ಮೇಲೆ ಉಸ್ಸೆಂದು ಕೂತು, "ಅಣ್ಣಾ, ನಂದು ಯಾವಾಗ ಸಿಗುತ್ತೆ? ಕೂಡಿಟ್ಟಿದ್ದೆಲ್ಲ ಕಟ್ಟಿಬಿಟ್ಟಿದ್ದೀನಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಗುಬ್ಬಿಯಣ್ಣ ಕೈಲಿದ್ದ ಉಳಿಯನ್ನು ಕೆಳಗಿಟ್ಟ. ಫೋನಿನ ಅಂಗಡಿ ತನ್ನದಲ್ಲ ಎಂದರೆ ಅವಳು ಬರಿಗೈಯಲ್ಲಿ ಎದ್ದು ಹೋಗುತ್ತಾಳೆ; ಸುಮ್ಮನೆ ಕೊಡುತ್ತೇನೆಂದರೆ ಮುಟ್ಟುವ ಪೈಕಿಯಲ್ಲ, ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅದಕ್ಕೇ ಒಂದು ಸುಳ್ಳು ಹೇಳಿದ.

"ತಡವಾಯ್ತು ಕಣಮ್ಮ, ತಪ್ಪು ತಿಳ್ಕೋಬೇಡ. ನಿನ್ನದು ತಯಾರಾಗಿದೆ."

ಬೇರೆಯವರಿಗೆಂದು ಮಾಡಿಟ್ಟಿದ್ದ ತೊಟ್ಟಿಲನ್ನು ತಾನೇ ಎತ್ತಿ ಆಟೋದಲ್ಲಿಟ್ಟ. ಹೆಂಡತಿ ಒಳ್ಳೆಯ ಬಟ್ಟೆಯಿಂದ ಅದರ ಧೂಳು ಒರೆಸಿದಳು. ಅಂದು ಇಬ್ಬರೂ ಹೊಟ್ಟೆ ತುಂಬ ಉಂಡರು.

ಕೆಲವು ದಿನ ಕಳೆದು ಬಾಮೈದ ಬಂದವನು ತಲೆ ಮೇಲೆ ಕೈ ಹೊತ್ತು ಕೂತ. ತೊಟ್ಟಿಲು ಒಯ್ದ ಆ ಹುಡುಗಿ ಒಳ್ಳೆಯವಳು, ಉಪಕಾರ ಮರೆಯುವವಳಲ್ಲ. ಟೋಪಿ ಅಂಗಡಿಯ ಪೇಜಿನಲ್ಲಿ ಮನಸಾರೆ ಬರೆದಿದ್ದಳು: ತಡವಾದರೂ ತೊಟ್ಟಿಲು ಬಂತು, ಯಜಮಾನರೇ ಎತ್ತಿಕೊಟ್ಟರು, ಅಡಿಯಲ್ಲಿ ಗುಬ್ಬಿ ಇದೆಯೇ ನೋಡಿಕೊಳ್ಳಿ, ಇದ್ದರೆ ಅಸಲಿ. ಕೆಳಗೆ ಗುಬ್ಬಿಯ ಫೋಟೋ. ಕಳ್ಳರು ಅದನ್ನೇ ಎತ್ತಿ ಪೇಜಿನ ನೆತ್ತಿಗೆ ಅಂಟಿಸಿದ್ದರು.

"ಅವರನ್ನ ನಂಬೋಕೆ ಇಷ್ಟು ದಿನ ಒಂದೇ ಒಂದು ಕಾರಣ ಇರ್ಲಿಲ್ಲ, ಭಾವ. ಈಗ ನೀವೇ ಮಾಡಿಕೊಟ್ರಿ."

ಗುಬ್ಬಿಯಣ್ಣ ಅವಳ ಮನೆ ಹುಡುಕಿಕೊಂಡು ಹೋಗಿ ನಿಜ ಹೇಳಿದ. ಬಾಣಂತಿ ಬಿಳಿಚಿಕೊಂಡಳು. ಕೂಡಲೇ ಬರೆದದ್ದನ್ನು ಅಳಿಸಲು ನೋಡಿದಳು, ಆಗಲಿಲ್ಲ. ಮೋಸವೆಂದು ಹೊಸದಾಗಿ ಬರೆದಳು, ಕಳ್ಳರು ಅದನ್ನು ಕಾಣಿಸಲೇ ಇಲ್ಲ. ತೊಟ್ಟಿಲಲ್ಲಿ ಮಗು ನಿದ್ದೆಯಲ್ಲೇ ನಗುತ್ತಿತ್ತು. ಅದನ್ನು ನೋಡಿ ಅವನಿಗೆ ಕೋಪವೂ ಬರಲಿಲ್ಲ, ಸಮಾಧಾನವೂ ಆಗಲಿಲ್ಲ.

ಅಂದಿನಿಂದ ಬರುವವರು ದುಪ್ಪಟ್ಟಾದರು. ಎಲ್ಲರೂ ಒಳನುಗ್ಗಿ ತೊಟ್ಟಿಲು ಮಗುಚುವವರೇ. ಗುಬ್ಬಿ ಕಂಡ ಕೂಡಲೇ, "ಇದೇ! ಇವನೇ!" ಎನ್ನುವವರೇ. ದೂರು ಬರೆದುಕೊಂಡಿದ್ದ ಪೊಲೀಸ್ ಅಧಿಕಾರಿಯೂ ಫೋನ್ ಮಾಡಿ, "ತಡವಾಯ್ತು ಅಂತ ನೀವೇ ಆ ಪೇಜಲ್ಲಿ ಬರೆದಾಕೆ ಹತ್ರ ಹೇಳಿದ್ರಂತೆ, ಹೌದಾ?" ಎಂದು ಕೇಳಿದ. ಹೇಳಿದ್ದಂತೂ ಹೌದು. ಯಾಕೆ ಹೇಳಿದೆನೆಂದು ವಿವರಿಸಿದಷ್ಟೂ ತನ್ನ ಮಾತು ತನಗೇ ಕಟ್ಟುಕತೆಯಂತೆ ಕೇಳಿಸಿತು. ಖುದ್ದಾಗಿ ಬಂದು ನೋಡುತ್ತೇನೆಂದು ಅಧಿಕಾರಿ ಫೋನಿಟ್ಟ.

"ಆ ಹಾಳು ಗುಬ್ಬಿಯಿಂದಾನೇ ಇದೆಲ್ಲ. ಕೆರೆದು ಹಾಕಿಬಿಡಿ," ಎಂದು ಹೆಂಡತಿ ಅತ್ತಳು.

ಗುಬ್ಬಿಯಣ್ಣ ಉಳಿದಿದ್ದ ತೊಟ್ಟಿಲುಗಳನ್ನು ಒಂದೊಂದಾಗಿ ಬೋರಲು ಹಾಕಿಕೊಂಡು ಕೂತ. ಕೊಕ್ಕು, ರೆಕ್ಕೆ, ಬಾಲ ಎಲ್ಲ ಚಕ್ಕೆಚಕ್ಕೆಯಾಗಿ ಕಾಲ ಬಳಿ ಬಿದ್ದವು. ಅಪ್ಪನಿಂದ ಕಲಿತ ಗುಬ್ಬಿ ಅದು. ಕೊನೆಯದರ ಮೇಲೆ ಉಳಿಯಿಟ್ಟಿದ್ದ, ಬಾಗಿಲಲ್ಲಿ ನೆರಳಾಡಿತು. ಅಧಿಕಾರಿ ನಿಂತಿದ್ದ.

"ಏನು ಅಳಿಸ್ತಿದ್ದೀರಿ?"

"ಗುಬ್ಬಿ, ಸಾರ್," ಎಂದ ಗುಬ್ಬಿಯಣ್ಣ. ನಿಜವೊಂದೇ ಇತ್ತು ಹೇಳಲು, ಈ ಚಕ್ಕೆಗಳ ನಡುವೆ ಕೂತು ಹೇಳಿದಾಗ ಅದೂ ಸುಳ್ಳಿನಂತೆ ಕೇಳಿಸಿತು. ಹೆಂಡತಿ ಗಾಬರಿಯಿಂದ ಪೊರಕೆ ತಂದು ಬಗ್ಗಿದಳು.

"ಗುಡಿಸ್ಬೇಡಿ ಅಮ್ಮಾ," ಎಂದ ಅಧಿಕಾರಿ, ಫೋಟೋ ತೆಗೆಯಲು ಫೋನ್ ಎತ್ತುತ್ತಾ. "ಎಲ್ಲ ಹಾಗೇ ಇರ್ಲಿ."