ದುಂಡಗಿರುವ ಕುರಿಗೂ ಸೂಜಿ ಬೇಕು

ಸತ್ತದ್ದು ಬಡಕಲು ಮರಿಯಾಗಿದ್ದರೆ ನಮ್ಮ ಮನೆಯವರು ಅಷ್ಟು ಕೂಗಾಡುತ್ತಿರಲಿಲ್ಲ. ಸತ್ತದ್ದು ಗುಂಡ. ಹಿಂದಿನ ಸಂಜೆ ಬೋಗುಣಿ ತುಂಬ ಮೆಕ್ಕೆಜೋಳ ತಿಂದು, ಇನ್ನೂ ಬೇಕೆಂದು ನನ್ನ ಮೊಣಕಾಲಿಗೆ ಗುದ್ದಿದ್ದ ಮರಿ. ಬೆಳಿಗ್ಗೆ ದೊಡ್ಡಿಯ ಬಾಗಿಲು ತೆಗೆದರೆ ಕತ್ತು ಹಿಂದಕ್ಕೆ ಬಾಗಿ, ಕಾಲು ಸೆಟೆದು ಬಿದ್ದಿದ್ದ. ಮೈಮೇಲೆ ಒಂದು ಗಾಯವಿಲ್ಲ.

ನಮ್ಮದು ಪಂಕ್ಚರ್ ಅಂಗಡಿ. ಮುಂದೆ ಟೈರು, ಹಿಂದೆ ಕುರಿದೊಡ್ಡಿ, ದೊಡ್ಡಿಯ ಗೋಡೆಯಾಚೆ ದರ್ಜಿ ಅಕ್ಕನ ಮನೆ. ಹಿಂದಿನ ವಾರವಷ್ಟೇ ಗುಂಡ ಗೋಡೆಯ ಸಂದಿಯಲ್ಲಿ ನುಗ್ಗಿ ಅವರ ಹೂವಿನ ಗಿಡಗಳನ್ನೆಲ್ಲ ಮೇಯ್ದು ಬಂದಿದ್ದ. ಅವರು ಎರಡು ಮಾತು ಅಂದಿದ್ದರು, ನಮ್ಮವರು ನಾಲ್ಕು ಅಂದಿದ್ದರು.

"ವಿಷ! ಯಾರೋ ವಿಷ ಹಾಕಿದಾರೆ!" ಎಂದರು ನಮ್ಮವರು, ಗೋಡೆಯ ಕಡೆಗೇ ಮುಖ ಮಾಡಿ. ಬೀದಿಗೆಲ್ಲ ಕೇಳಿಸಿತು.

ದರ್ಜಿ ಅಕ್ಕ ಕೊರಳಲ್ಲಿ ಅಳತೆಪಟ್ಟಿ ನೇತುಹಾಕಿಕೊಂಡೇ ಓಡಿ ಬಂದರು. ಜಗಳಕ್ಕೆ ಬಂದರೆಂದುಕೊಂಡೆ. ಅವರು ಗುಂಡನನ್ನು ನೋಡಿ ಬಾಯಿಗೆ ಕೈ ಇಟ್ಟುಕೊಂಡರು.

"ಅಯ್ಯೋ ಪಾಪ! ಅಣ್ಣ, ನನ್ನ ಬೈಯೋದಿದ್ರೆ ಆಮೇಲೆ ಬೈಯಿರಿ. ಉಳಿದವನ್ನ ಮೊದ್ಲು ನೋಡಿ. ನಾನು ಡಾಕ್ಟರಮ್ಮನಿಗೆ ಫೋನ್ ಮಾಡ್ತೀನಿ."

ನಮ್ಮವರು ನನ್ನ ಕಡೆ ತಿರುಗಿದರು. ಡಾಕ್ಟರಮ್ಮ ಎಂದರೆ ಪಶು ಆಸ್ಪತ್ರೆಯವರು. ಅವರು ಬರುವುದು ನನಗೂ ಬೇಡವಾಗಿತ್ತು. ಏಕೆಂದರೆ ಒಂದು ವಿಷಯ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ನಮ್ಮಲ್ಲಿ ಇದ್ದದ್ದು ಹದಿನಾಲ್ಕು ಕುರಿ. ಡಾಕ್ಟರಮ್ಮ ಲಸಿಕೆ ಹಾಕಲು ಬಂದಾಗ ನಮ್ಮವರು ತೋರಿಸಿದ್ದು ಹತ್ತನ್ನು. ಗುಂಡ ಮತ್ತು ಅವನಷ್ಟೇ ದುಂಡಗಿದ್ದ ಇನ್ನು ಮೂರನ್ನು ಹಳೆ ಟೈರುಗಳ ರಾಶಿಯ ಹಿಂದೆ ಬಚ್ಚಿಟ್ಟಿದ್ದರು. "ಗಾಳಿ ತುಂಬಿ ಗಟ್ಟಿಯಾಗಿರೋ ಟೈರಿಗೆ ಯಾರಾದ್ರೂ ಪ್ಯಾಚ್ ಹಾಕ್ತಾರೇನೇ? ಸೂಜಿ ಚುಚ್ಚಿದ್ರೆ ಜ್ವರ ಬಂದು ಇಳಿದುಹೋಗ್ತಾವೆ," ಎಂದಿದ್ದರು. ನಾನೂ ಹೂಂ ಎಂದಿದ್ದೆ. ತಪ್ಪು ಅವರೊಬ್ಬರದೇ ಅಲ್ಲ.

ಡಾಕ್ಟರಮ್ಮ ಬಂದರು. ಗುಂಡನನ್ನು ಪರೀಕ್ಷಿಸಿದರು. ಕೈಗವಸು ಹಾಕಿಕೊಂಡು, ಲ್ಯಾಬಿಗೆ ಕಳಿಸಲು ಏನೇನು ಬೇಕೋ ಸೀಸೆಯಲ್ಲಿ ತೆಗೆದುಕೊಂಡರು. ಆಮೇಲೆ ಕೇಳಿದ್ದು ಒಂದೇ ಮಾತು.

"ನಿನ್ನೆ ಏನು ತಿಂದಿತ್ತು?"

"ಮೆಕ್ಕೆಜೋಳ," ಎಂದೆ. "ಬೋಗುಣಿ ತುಂಬ. ಹೊಸದಾಗಿ ಬಂದಿತ್ತು, ಚೆನ್ನಾಗಿ ತಿನ್ಲಿ ಅಂತ..."

"ಲಸಿಕೆ?"

ನಮ್ಮವರು ಬಗ್ಗಿ ಬೋಗುಣಿ ಎತ್ತಿಡತೊಡಗಿದರು. ನಾನೇ ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ.

"ಅಣ್ಣ, ನೀವು ಹೇಳಿದ್ದು ಸರಿ. ಇದು ವಿಷವೇ ಇರಬೇಕು," ಎಂದರು ಡಾಕ್ಟರಮ್ಮ. ನಮ್ಮವರು ತಲೆಯೆತ್ತಿದರು. "ಆದ್ರೆ ಹೊರಗಿನವರು ಯಾರೂ ಹಾಕಿದ್ದಲ್ಲ. ಅದರ ಹೊಟ್ಟೆಯೊಳಗೇ ಹುಟ್ಟಿದ್ದು. ಇದನ್ನ ಕರುಳುಬೇನೆ ಅಂತಾರೆ."

"ಹೊಟ್ಟೆಯೊಳಗೆ ವಿಷ ಹುಟ್ಟುತ್ತಾ? ಏನ್ ಡಾಕ್ಟರಮ್ಮ, ಕಥೆ ಹೇಳ್ತೀರಾ?"

ಡಾಕ್ಟರಮ್ಮ ಅಂಗಡಿಯೊಳಗೆ ಹೋಗಿ ಒಂದು ಟ್ಯೂಬ್ ಎತ್ತಿಕೊಂಡು, ನೀರಿನ ತೊಟ್ಟಿಯ ಪಕ್ಕದಲ್ಲಿ ನಿಂತರು.

"ಇದರಲ್ಲಿ ಒಂದು ತೂತಾದ್ರೆ ಏನ್ಮಾಡ್ತೀರಿ?"

"ನೀರಲ್ಲಿ ಅದ್ದಿ, ಗುಳ್ಳೆ ಎಲ್ಲಿ ಬರುತ್ತೆ ನೋಡಿ, ಪ್ಯಾಚ್ ಹಾಕ್ತೀನಿ."

"ಜರಡಿ ಥರ ಆಗಿದ್ರೆ?"

"ಎಸೀತೀನಿ. ಅದಕ್ಕೆ ಪ್ಯಾಚ್ ಎಲ್ಲಿಂದ ತರೋದು?"

"ಇಲ್ಲಿ ಆಗಿರೋದೂ ಅದೇ. ಒಂದು ಜಾತಿ ರೋಗಾಣು ಎಷ್ಟೋ ಕುರಿಗಳ ಕರುಳಲ್ಲಿ ತನ್ನ ಪಾಡಿಗೆ ತಾನು ಇರುತ್ತೆ. ಕುರಿ ಒಂದೇ ಸಲ ಕಾಳು ಜಾಸ್ತಿ ತಿಂದ್ರೆ ಅದಕ್ಕೆ ಹಬ್ಬ. ಗಂಟೆಗಳಲ್ಲೇ ಲೆಕ್ಕವಿಲ್ಲದಷ್ಟು ಹೆಚ್ಚಿ ವಿಷ ಬಿಡುತ್ತೆ. ನಮ್ಮ ಮೈ, ಕುರಿ ಮೈ, ಎಲ್ಲಾ ಸಣ್ಣ ಸಣ್ಣ ಜೀವಕೋಶಗಳಿಂದ ಆಗಿರೋದು. ಒಂದೊಂದಕ್ಕೂ ತೆಳ್ಳನೆ ಪೊರೆ ಇದೆ, ಈ ಟ್ಯೂಬಿನ ಹಾಗೆ. ವಿಷದ ಕಣಗಳು ಪೊರೆ ಮೇಲೆ ಕೂತು, ಒಂದರ ಪಕ್ಕ ಒಂದು ಸೇರಿ ಬಳೆ ಥರ ದುಂಡಗಾಗಿ, ನಡುವೆ ತೂತು ಕೊರೀತವೆ. ಒಳಗಿನದು ಹೊರಗೆ, ಹೊರಗಿನದು ಒಳಗೆ. ಆ ವಿಷ ರಕ್ತದಲ್ಲಿ ಹೋಗಿ ಮಿದುಳು, ಮೂತ್ರಪಿಂಡ ಎರಡನ್ನೂ ಕೆಡಿಸುತ್ತೆ."

"ಔಷಧಿ ಇಲ್ವಾ?"

"ಕೊಡೋಷ್ಟು ಹೊತ್ತು ಸಿಗಬೇಕಲ್ಲ. ನಿನ್ನೆ ಸಂಜೆ ಆಡ್ತಿದ್ದ, ಬೆಳಿಗ್ಗೆ ಇಲ್ಲ. ಲಸಿಕೆ ಹಾಕಿದ್ರೆ ಮೈಗೆ ಆ ವಿಷದ ಗುರುತು ಮೊದಲೇ ಸಿಗುತ್ತೆ, ಪೊರೆ ಮೇಲೆ ಕೂರೋಕೆ ಮುಂಚೆ ಹಿಡಿದುಹಾಕುತ್ತೆ. ಅಣ್ಣ, ಈ ಕಾಯಿಲೆ ಹೆಚ್ಚಾಗಿ ಬರೋದೇ ಚೆನ್ನಾಗಿ ತಿಂದು ದುಂಡಗಿರೋ ಮರಿಗಳಿಗೆ. ಯಾವುದಕ್ಕೆ ತುಂಬಾ ಬೇಕಿತ್ತೋ ಅದನ್ನೇ ಬಚ್ಚಿಟ್ರಿ."

ನಮ್ಮವರು ಟೈರಿನ ಮೇಲೆ ಕುಸಿದು ಕೂತರು. "ಇನ್ನು ಮೂರಿವೆ ಡಾಕ್ಟರಮ್ಮ. ಅವೂ ಮೆಕ್ಕೆಜೋಳ ತಿಂದಿವೆ."

ಆ ಮೂರನ್ನು ಉಳಿಸಿಕೊಳ್ಳುವುದೇ ಅಂದಿನಿಂದ ನಮ್ಮ ಕೆಲಸವಾಯಿತು. ಕಾಳು ಆ ಕ್ಷಣವೇ ಬಂದ್, ಬರೀ ಒಣಹುಲ್ಲು. ಮೂರಕ್ಕೂ ಲಸಿಕೆ ಬಿತ್ತು. "ಸೂಜಿ ಹಾಕಿದ ತಕ್ಷಣ ರಕ್ಷಣೆ ಬರಲ್ಲ, ದಿನ ಹಿಡಿಯುತ್ತೆ. ಎರಡನೇ ಸೂಜಿ ತಪ್ಪಿಸ್ಬೇಡಿ," ಎಂದು ಹೇಳಿ ಅವರು ಹೊರಟರು. ಗುಂಡನನ್ನು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂತೆವು. ಮಾಂಸ ಯಾರಿಗೂ ಕೊಡಲಿಲ್ಲ, ನಾವೂ ಮುಟ್ಟಲಿಲ್ಲ.

ಆ ದಿನಗಳನ್ನು ನಾನು ಮರೆಯಲಾರೆ. ಬೆಳಿಗ್ಗೆ ದೊಡ್ಡಿಯ ಬಾಗಿಲು ತೆಗೆಯಲು ಕೈ ಬರುತ್ತಿರಲಿಲ್ಲ. ನಾನು ಬಾಗಿಲ ಮುಂದೆ ನಿಂತಾಗಲೆಲ್ಲ ಗೋಡೆಯಾಚೆಯಿಂದ ದರ್ಜಿ ಅಕ್ಕನ ದನಿ ಬರುತ್ತಿತ್ತು. "ತೆಗೀರಿ, ಕೂಗ್ತಿವೆ. ನಾನು ಎದ್ದಾಗಿಂದ ಕೇಳಿಸ್ಕೊಳ್ತಿದೀನಿ. ಮೂರೂ ಕೂಗ್ತಿವೆ." ಆ ಮಾತು ಕೇಳಿ ಎಷ್ಟು ಸಲ ಕಣ್ಣೊರೆಸಿಕೊಂಡೆನೋ.

ಮೂರೂ ಉಳಿದವು. ಲ್ಯಾಬಿನಿಂದ ಬಂದ ವರದಿಯಲ್ಲೂ ಕರುಳುಬೇನೆ ಎಂದೇ ಇತ್ತು. ಎರಡನೇ ಸೂಜಿಯ ದಿನವನ್ನು ನಮ್ಮವರು ಅಂಗಡಿಯ ಮುಂದಿನ ದೊಡ್ಡ ಟೈರಿನ ಮೇಲೆ ಚಾಕಿನಲ್ಲಿ ಬರೆದಿಟ್ಟಿದ್ದರು. ಆ ದಿನ ಹದಿಮೂರನ್ನೂ ತಾವೇ ಸಾಲಾಗಿ ನಿಲ್ಲಿಸಿದರು. ಆಮೇಲೆ ಹೂವಿನ ಸಸಿಗಳನ್ನು ತಂದು, ಗೋಡೆಯಾಚೆ ಹೋಗಿ, ದರ್ಜಿ ಅಕ್ಕನ ಅಂಗಳದಲ್ಲಿ ಕೈಯಾರೆ ನೆಟ್ಟರು.

"ಅಕ್ಕ, ಅವತ್ತು ನಾನು ಅನ್ನಬಾರದ್ದು ಅಂದೆ. ಮನಸ್ಸಲ್ಲಿ ಇಟ್ಕೋಬೇಡಿ. ನೀವು ಫೋನ್ ಮಾಡದೇ ಇದ್ದಿದ್ರೆ ನಾನು ಇನ್ನೂ ಕೂಗಾಡ್ತಾನೇ ಇರ್ತಿದ್ದೆ."

"ಗಿಡ ಇರಲಿ, ಆ ಗೋಡೆ ಸಂದಿ ಮೊದ್ಲು ಮುಚ್ಚಿ. ತೂತು ಮುಚ್ಚೋದು ನಿಮ್ಮ ಕೆಲಸ ತಾನೇ?" ಎಂದು ಅವರು ನಕ್ಕರು.

ಕುರಿ, ಮೇಕೆ ಸಾಕುವ ಅಕ್ಕಂದಿರೇ, ಅಣ್ಣಂದಿರೇ, ಕೇಳಿ. ಬಡಕಲು, ದುಂಡನೆ ಎಂದು ಭೇದ ಮಾಡಬೇಡಿ. ಎಲ್ಲವನ್ನೂ ಡಾಕ್ಟರ ಮುಂದೆ ನಿಲ್ಲಿಸಿ. ಎರಡನೇ ಸೂಜಿಯನ್ನೂ, ವರ್ಷ ವರ್ಷದ ಸೂಜಿಯನ್ನೂ ತಪ್ಪಿಸಬೇಡಿ. ಗಬ್ಬದ ಕುರಿಗೆ, ಎಳೆಮರಿಗೆ ಯಾವಾಗ ಹಾಕಿಸಬೇಕೆಂದು ಅವರನ್ನೇ ಕೇಳಿ. ಮೇವು ಬದಲಿಸುವಾಗ ಕಾಳನ್ನು ದಿನಕ್ಕಿಷ್ಟು ಎಂದು ನಿಧಾನವಾಗಿ ಹೆಚ್ಚಿಸಿ, ನನ್ನ ಹಾಗೆ ಪ್ರೀತಿಯಿಂದ ಬೋಗುಣಿ ತುಂಬಿಸಬೇಡಿ. ಕುರಿ ಇದ್ದಕ್ಕಿದ್ದಂತೆ ಸತ್ತರೆ ನೆರೆಯವರನ್ನು ಬೈಯುವ ಮೊದಲು ಪಶು ಆಸ್ಪತ್ರೆಗೆ ಹೇಳಿ ಕಳಿಸಿ.

ಈಗ ನಮ್ಮ ಅಂಗಡಿಗೆ ಗಾಡಿ ತಳ್ಳಿಕೊಂಡು ಬಂದವರಿಗೆಲ್ಲ ನಮ್ಮವರು ಟ್ಯೂಬನ್ನು ನೀರಿನಲ್ಲಿ ಅದ್ದುತ್ತಾ ಹೇಳುವುದು ಒಂದೇ ಮಾತು: "ಗಾಡಿ ಆದ್ರೆ ತೂತಾದ ಮೇಲೆ ನನ್ನ ಹತ್ರ ಬನ್ನಿ. ಕುರಿ ಆದ್ರೆ ತೂತಾಗೋಕೆ ಮುಂಚೆ ಡಾಕ್ಟರಮ್ಮನ ಹತ್ರ ಹೋಗಿ."