ಹೆಸರು ಹೇಳಲಿಚ್ಛಿಸದ ಮಹಿಳೆ

"ಹದಿನಾರು ಕಾಪಿ. ಎರಡೂ ಕಡೆ ಬರಲಿ, ಮೂಲೇಲಿ ಪಿನ್ ಹೊಡೀರಿ," ಎಂದು ಟ್ರಾಫಿಕ್ ಪೊಲೀಸಿನವನು ಟೋಪಿ ತೆಗೆದು ಕೌಂಟರಿನ ಮೇಲಿಟ್ಟ.

ಅವಳು ಕಟ್ಟು ತೆಗೆದುಕೊಂಡು ಮೊದಲ ಹಾಳೆಯನ್ನು ಗಾಜಿನ ಮೇಲೆ ಬೋರಲು ಹಾಕಿ ಗುಂಡಿ ಒತ್ತಿದಳು. ಯಂತ್ರದೊಳಗಿನ ಬೆಳಕು ಅತ್ತಿಂದಿತ್ತ ಹರಿದು ಪ್ರತಿ ಹೊರಗೆ ಬಂತು. ಅಂಚು ಸರಿಯಾಗಿ ಬಂದಿದೆಯೇ ಎಂದಷ್ಟೇ ನೋಡುವುದು ಅವಳ ಅಭ್ಯಾಸ. ದಿನವಿಡೀ ಊರಿನವರ ಹಾಳೆಗಳು ಕೈದಾಟುವ ಅಂಗಡಿಯಲ್ಲಿ ಓದುವ ಚಟ ಇಟ್ಟುಕೊಂಡರೆ ಕೆಲಸ ಮುಗಿದ ಹಾಗೆಯೇ. ಆದರೆ ಕನ್ನಡಿಯಲ್ಲಿರುವ ಸ್ವಂತ ಮುಖವನ್ನು ಯಾರೂ ಓದುವುದಿಲ್ಲ, ಗುರುತು ಹಿಡಿಯುತ್ತಾರೆ. ಒತ್ತಕ್ಷರಗಳನ್ನು ಕೆಳಗಿನ ಗೆರೆ ಮುಟ್ಟುವ ಹಾಗೆ ಇಳಿಬಿಡುವ ಈ ಕೈಬರಹ ಅವಳದೇ. ತಲೆಬರಹವೂ ಅವಳದೇ: 'ಶುಭ್ರತೆಯ ಹಿಂದೆ.' ಹೆಸರು, ನೋಂದಣಿ ಸಂಖ್ಯೆ ಇರಬೇಕಾದ ಕಡೆ ಮಾತ್ರ ಯಾರೋ ಬಿಳಿ ಚೀಟಿ ಅಂಟಿಸಿದ್ದರು.

"ಇದು ಎಲ್ಲಿ ಸಿಕ್ತು ನಿಮಗೆ?"

"ಯಾಕ್ರೀ, ಕಾಪಿ ಮಾಡೋಕೆ ಪಾಟಿ ಸವಾಲು ಬೇರೆನಾ?" ಪೊಲೀಸಿನವನು ನಕ್ಕ. "ನಾನೂ ಸ್ಟೂಡೆಂಟೇ. ದೂರಶಿಕ್ಷಣ, ಪತ್ರಿಕೋದ್ಯಮ, ಫಸ್ಟ್ ಇಯರ್. ರಿಟೈರ್ ಆದ್ಮೇಲೆ ನಂದೇ ಒಂದು ಪೇಪರ್ ಮಾಡಿ ನಮ್ಮ ಇನ್ಸ್‌ಪೆಕ್ಟರ್ ಬಗ್ಗೆ ಬರೀಬೇಕು ಅಂತಿದೆ. ಇದು ಹೋದ ವರ್ಷದ ಬೆಸ್ಟ್ ಅಸೈನ್‌ಮೆಂಟಂತೆ. ಸೆಂಟರಿನ ಸರ್ ಕೊಟ್ರು, ನೋಡ್ಕೊಂಡು ಬರೀರಿ ಅಂತ. ನೋಡ್ಕೊಂಡು ಬರಿಯೋದ್ರಲ್ಲಿ ನಮ್ಮ ಬ್ಯಾಚು ಎತ್ತಿದ ಕೈ."

"ಹದಿನಾರು ಜನಾನಾ ನೀವು?"

"ಹದಿನೇಳು. ಒಬ್ಬ ಆಸ್ಪತ್ರೆ ಸ್ಟೋರ್ಸಿನ ಗುಮಾಸ್ತ. ಅವ್ನು ಹೋದ ತಿಂಗಳೇ ಇಸ್ಕೊಂಡು ಹೋಗಿ ತನ್ನ ಆಫೀಸಲ್ಲೇ ಪುಕ್ಕಟೆ ಕಾಪಿ ಮಾಡ್ಕೊಂಡ. ಜಾಣ."

ಅವಳು ಯಂತ್ರದ ಮುಚ್ಚಳದ ಮೇಲಿಟ್ಟ ಕೈ ತೆಗೆಯಲಿಲ್ಲ.

"ಟೋನರ್ ಮುಗಿದಿದೆ. ನಾಳೆ ಬನ್ನಿ."

"ಅರೆ, ಮೊದಲನೇದು ಕಪ್ಪಗೆ ಬಂತಲ್ರೀ!"

"ಅದೇ ಕೊನೇದು."

ಮೂಲಪ್ರತಿಯನ್ನು ಅವನು ಅಲ್ಲೇ ಬಿಟ್ಟು ಹೋದ.

ಕಳೆದ ವರ್ಷ ಇದೇ ಕೋರ್ಸಿನ ಪುಸ್ತಕಗಳು ಅಂಚೆಯಲ್ಲಿ ಬಂದ ದಿನ ಅವಳೂ ಅಕ್ಕನೂ ಹಗ್ಗ ಬಿಚ್ಚಿ, ಒಂದೊಂದನ್ನೂ ಮೂಸಿ ನೋಡಿ ನಕ್ಕಿದ್ದರು. ತಿಂಗಳಿಗೆರಡು ಭಾನುವಾರ ಹಳೆಯ ಶಾಲೆಯೊಂದರ ಮಹಡಿಯಲ್ಲಿ ತರಗತಿ. ಮೊಣಕಾಲು ಹಿಡಿಸದ ಮಕ್ಕಳ ಬೆಂಚುಗಳು. ಉಳಿದ ದಿನ ಪುಸ್ತಕವೇ ಗುರು. ಅದರೆದುರು ಕೈ ಎತ್ತಿ ಸಂಶಯ ಕೇಳುವಂತಿಲ್ಲ. ಮೂರನೇ ಪತ್ರಿಕೆಗೆ ಕೊಟ್ಟ ಅಸೈನ್‌ಮೆಂಟು, ನಿಮಗೆ ಪರಿಚಯವಿರುವ ಕೆಲಸದ ಜಾಗವೊಂದರ ತನಿಖಾ ವರದಿ. ಸ್ವಂತ ಕೈಬರಹದಲ್ಲೇ ಇರಬೇಕು.

ಅಕ್ಕ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಸೋಡಾಪುಡಿಗೆ ಬಿರಿದ ಬೆರಳುಗಳಿಗೆ ವ್ಯಾಸಲೀನು ಹಚ್ಚಿಕೊಳ್ಳುತ್ತ ಅವಳು ಹೇಳುತ್ತ ಹೋದಳು, ತಂಗಿ ಬರೆದುಕೊಂಡಳು. ನೀರು ಬರದ ದಿನ, ಯಂತ್ರ ಕೆಟ್ಟ ದಿನ, ಕಲೆ ಕಾಣಿಸದ ಹಾಸುಬಟ್ಟೆಗಳನ್ನು ಒಗೆಯುವುದೇ ಇಲ್ಲ. ಇಸ್ತ್ರಿಯ ಉರುಳೆಯಲ್ಲಿ ಹಾಯಿಸಿ, ಮಡಚಿ, ಹಾಗೆಯೇ ವಾರ್ಡಿಗೆ ಕಳಿಸುತ್ತಾರೆ. ಲಾಂಡ್ರಿಯ ಹೆಂಗಸರು ಅದಕ್ಕೆ 'ಬಿಸಿ ತೋರಿಸೋದು' ಅನ್ನುತ್ತಾರೆ. ಮೇಲ್ವಿಚಾರಕ ಬಾಗಿಲಲ್ಲಿ ನಿಂತು, "ಇವತ್ತು ಬರೀ ಬಿಸಿ ತೋರ್ಸಿ," ಅಂದರೆ ಸಾಕು.

"ಬರ್ಕೋ. ಆದ್ರೆ ನನ್ನ ಹೆಸರು ಬಂತೋ, ನಿನ್ನ ನಾಲಿಗೆ ಕಿತ್ತು ಅದಕ್ಕೂ ಬಿಸಿ ತೋರಿಸ್ತೀನಿ," ಎಂದಿದ್ದಳು ಅಕ್ಕ.

ಮಾಹಿತಿ ಕೊಟ್ಟವರ ಗುರುತು ಸಿಗದಂತೆ ಬರೆಯಬೇಕು ಎಂದು ಪುಸ್ತಕದಲ್ಲಿತ್ತು. ಹೇಗೆ ಎಂದು ಇರಲಿಲ್ಲ. ಅವಳು ಎರಡು ದಿನ ಯೋಚಿಸಿ, ಮೂವತ್ನಾಲ್ಕರ ಅಕ್ಕನಿಗೆ ವಯಸ್ಸು ಸೇರಿಸಿದಳು. 'ಅರವತ್ತು ದಾಟಿದ, ಹೆಸರು ಹೇಳಲಿಚ್ಛಿಸದ ಮಹಿಳೆಯೊಬ್ಬರು' ಎಂದು ಬರೆದಳು. ಅಷ್ಟಕ್ಕೇ ಬಿಟ್ಟರೆ ಬೊಂಬೆಯ ಹಾಗೆ ಕಂಡಾಳು ಎಂದು ಮಂಡಿನೋವನ್ನೂ ಕೊಟ್ಟಳು. ಉರುಳೆಯ ಮುಂದೆ ನಿಂತಾಗ ಆ ಮಹಿಳೆ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ದಾಟಿಸುತ್ತಿದ್ದರು. ಸರ್ ಆ ಸಾಲಿನ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಕಣ್ಣಿಗೆ ಕಟ್ಟುತ್ತದೆ!' ಎಂದು ಬರೆದಿದ್ದರು. ಇದು ನಿಜದ ವಿಷಯ, ಯಾರಿಗೂ ತೋರಿಸಬೇಡಿ ಎಂದು ಅವಳು ಕೇಳಿಕೊಂಡಾಗ, "ನೀನು ನನ್ನ ತಂಗಿ ಇದ್ದ ಹಾಗೆ ಕಣಮ್ಮ. ಬೀರುವಿನಲ್ಲಿಟ್ಟು ಬೀಗ ಹಾಕ್ತೀನಿ," ಎಂದಿದ್ದರು.

ಅಂಗಡಿಯ ಯಜಮಾನರಿಗೆ ತಲೆನೋವೆಂದು ಹೇಳಿ ಅವಳು ನೇರ ಸೆಂಟರಿಗೆ ಹೋದಳು. ಸರ್ ಹಾಜರಿ ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದರು. ಅವಳು ಕಟ್ಟನ್ನು ಮೇಜಿನ ಮೇಲಿಟ್ಟಳು.

"ಓ, ಇದಾ? ನಿನ್ನ ಹೆಸರು ಮುಚ್ಚಿದೀನಲ್ಲ," ಎಂದರು ಸರ್.

"ನನ್ನ ಹೆಸರಿದ್ದಿದ್ರೆ ಪರವಾಗಿರಲಿಲ್ಲ ಸರ್. ಬೀಗ ಹಾಕ್ತೀನಿ ಅಂದಿದ್ರಿ."

"ಹಾಕಿದ್ದೆ. ಈ ಬ್ಯಾಚಿನೋರು ವರದಿ ಬರೀರಿ ಅಂದ್ರೆ ರಜಾ ಅರ್ಜಿ ಬರೆದು ತರ್ತಾರೆ. ಅವರಿಗೆ ಮಾದರಿ ಅಂತ ಏನು ತೋರಿಸ್ಲಿ, ನನ್ನ ಮುಖಾನಾ?" ಸರ್ ಗೋಂದಿನ ಬೆರಳನ್ನು ಕಾಗದಕ್ಕೆ ಒರೆಸಿಕೊಂಡರು. "ನಿಜ ಹೇಳ್ಲಾ? ಅರ್ಧಕ್ಕರ್ಧ ನೀನೇ ಕಟ್ಟಿದ್ದು ಅಂದ್ಕೊಂಡೆ. ಆ ಮುದುಕಿ, ಆ ಮಂಡಿ... ನಿಜ ಇಷ್ಟು ಚೆನ್ನಾಗಿರಲ್ಲ ಕಣಮ್ಮ."

ಮುದುಕಿಯ ಮಟ್ಟಿಗೆ ಅವರು ಹೇಳಿದ್ದು ಸರಿಯಾಗಿತ್ತು.

"ಆಸ್ಪತ್ರೆಯವನ ಕೈಗೂ ಕೊಟ್ರಲ್ಲ ಸರ್."

"ಅವನೂ ಫೀಸು ಕಟ್ಟಿದ ವಿದ್ಯಾರ್ಥೀನೇ. ಭೇದ ಮಾಡೋಕಾಗುತ್ತಾ?" ಸರ್ ಮತ್ತೆ ರಟ್ಟಿನ ಕಡೆ ಬಗ್ಗಿದರು. "ಈ ವರ್ಷದ ಇಂಟರ್ನಲ್ ಮಾರ್ಕ್ಸೂ ನನ್ನ ಕೈಲೇ ಇದೆ. ಸುಮ್ನೆ ನೆನಪು ಮಾಡಿದೆ ಅಷ್ಟೆ. ಮನೆಗೆ ಹೋಗಿ ಓದ್ಕೋ."

ಅಕ್ಕ ಆಗಷ್ಟೇ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದಳು. ತಂಗಿ ಬಾಗಿಲಲ್ಲೇ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು: ಪೊಲೀಸಿನವನು, ಬಿಳಿ ಚೀಟಿ, ಗುಮಾಸ್ತ. ನಾಲಿಗೆ ಕೀಳುವ ಮಾತು ಈಗ ಬರುತ್ತದೆ ಎಂದು ಕಾದಳು. ಅಕ್ಕ ಎರಡನೇ ಕಾಲಿಗೂ ನೀರು ಹಾಕಿಕೊಂಡು ಒರೆಸಿಕೊಂಡಳು.

"ಗೊತ್ತು. ತಿಂಗಳಾಯ್ತು."

"ತಿಂಗಳಾ?"

"ದೊಡ್ಡಮ್ಮನ್ನ ಕೆಲಸದಿಂದ ತೆಗೆದು ತಿಂಗಳಾಯ್ತು."

"ಯಾವ ದೊಡ್ಡಮ್ಮ?"

"ನಮ್ಮ ಲಾಂಡ್ರೀಲಿ ಅರವತ್ತು ದಾಟಿದೋರು, ಮಂಡಿನೋವಿನೋರು ಎಷ್ಟು ಜನ ಇದಾರೆ ಅಂದ್ಕೊಂಡಿದೀಯ? ಇದ್ದಿದ್ದು ಒಬ್ಬಳೇ. ಅವಳನ್ನೇ ಎಲ್ಲರೂ ದೊಡ್ಡಮ್ಮ ಅನ್ನೋದು."

"ನಾನು ಕಲ್ಪಿಸ್ಕೊಂಡು ಬರೆದಿದ್ದು ಅಕ್ಕಾ. ದೇವರಾಣೆ, ಅಂಥೋರೊಬ್ಬರು ಇದಾರೆ ಅಂತ ಗೊತ್ತೇ ಇರಲಿಲ್ಲ. ನಿನ್ನ ಗುರುತು ಸಿಗಬಾರದು ಅಂತ..."

"ಸಿಗಲಿಲ್ಲ ಬಿಡು."

ಅಕ್ಕ ಅದನ್ನು ಗದರಿಸುವ ದನಿಯಲ್ಲಿ ಹೇಳಲಿಲ್ಲ. ಬಸ್ಸು ಸಿಕ್ಕಿತು ಎನ್ನುವಂತೆ ಹೇಳಿದಳು. ಆಮೇಲೆ, ಯಾರೂ ಕೇಳದಿದ್ದರೂ, ನಡೆದದ್ದನ್ನು ಹೇಳಿದಳು. ಮೇಲ್ವಿಚಾರಕ ಬಂದ. ಸದಾ ಬಿರುಸಾಗಿ ನಿಂತ ಶರಟಿನಿಂದಾಗಿ ಹೆಂಗಸರು ಅವನಿಗಿಟ್ಟ ಹೆಸರು ಗಂಜಿ ಸಾಹೇಬ. ಹನ್ನೊಂದು ಜನರನ್ನೂ ಸಾಲಾಗಿ ನಿಲ್ಲಿಸಿ, ಗುಮಾಸ್ತ ತಂದುಕೊಟ್ಟ ಕಾಗದ ಬಿಚ್ಚಿದ. "ಹೆಸರು ಹೇಳಲಿಚ್ಛಿಸದ ಮಹಿಳೆ ಯಾರಮ್ಮಾ, ಸ್ವಲ್ಪ ಮುಂದೆ ಬಾ," ಅಂದ. ಎಲ್ಲರೂ ಕಿಸಕ್ಕನೆ ನಕ್ಕರು. ದೊಡ್ಡಮ್ಮನೂ ನಕ್ಕಳು. ಅವನು ಮುಂದಿನ ಸಾಲು ಓದಿದ, ವಯಸ್ಸು, ಮಂಡಿ. ಎಲ್ಲರ ತಲೆಯೂ ಅವಳ ಕಡೆ ತಿರುಗಿತು.

"ನಾನೂ ತಿರುಗಿ ನೋಡಿದೆ," ಎಂದಳು ಅಕ್ಕ. "ನೋಡದೆ ಇದ್ದಿದ್ರೆ ಗೊತ್ತಾಗ್ಬಿಡ್ತಿತ್ತಲ್ಲ."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಏನು ಮಾಡ್ತಿದ್ದೆ? ತಪ್ಪೊಪ್ಪಿಗೆ ಬರೀತಿದ್ಯಾ? ನಿನ್ನ ಓದು, ಈ ಮನೆ, ಎಲ್ಲಾ ನಿಂತಿರೋದು ನನ್ನ ಈ ಎರಡು ಕೈ ಮೇಲೆ. ನಾನೇನು ಕೈಬಿಟ್ಟಿಲ್ಲ ಅವಳನ್ನ. ಪ್ರತಿ ಭಾನುವಾರ ಮಧ್ಯಾಹ್ನ ಹೋಗಿ ಮಂಡಿಗೆ ಮುಲಾಮು ಹಚ್ಚಿ ಬರ್ತೀನಿ. ನೀನು ಆ ಕಡೆ ತಲೆ ಹಾಕ್ಬೇಡ, ಅಷ್ಟೆ."

ಭಾನುವಾರಗಳಂದು ತಾನು ತರಗತಿಗೆ ಹೊರಟಾಗ ಅಕ್ಕ ಕೈಚೀಲ ಹಿಡಿದು ಎಲ್ಲಿಗೆ ಹೋಗುತ್ತಿದ್ದಳು ಎಂಬುದು ತಂಗಿಗೆ ಆಗ ತಿಳಿಯಿತು. ಅವರಿಬ್ಬರೂ ಆ ವಾರ ಉಪ್ಪು ಎಲ್ಲಿದೆ, ಬಾಗಿಲು ಹಾಕಿದೆಯಾ ಎಂಬುದನ್ನು ಬಿಟ್ಟು ಬೇರೆ ಮಾತಾಡಲಿಲ್ಲ.

ಭಾನುವಾರ ಅವಳು ತರಗತಿಗೆ ಹೋಗಲಿಲ್ಲ. ಲಾಂಡ್ರಿಯ ಹಿಂಬಾಗಿಲಲ್ಲಿ ಗಾಡಿ ತಳ್ಳುವವನನ್ನು ವಿಚಾರಿಸಿ, ಮರದ ಡಿಪೋದ ಹಿಂದಿನ ಒಂಟಿ ಕೋಣೆಯನ್ನು ಹನ್ನೊಂದು ಗಂಟೆಯ ಹೊತ್ತಿಗೆ ಪತ್ತೆ ಮಾಡಿದಳು. ಬಾಗಿಲು ತೆರೆದೇ ಇತ್ತು. ಮುದುಕಿಯೊಬ್ಬಳು ಮಂಚದ ತುದಿಯಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದಳು. ಇಂಥವರ ತಂಗಿ ಎಂದು ಹೇಳಿದ್ದೇ ತಡ, ಸೂಜಿಯನ್ನು ಎದೆಯ ಮೇಲಿನ ಬಟ್ಟೆಗೆ ಚುಚ್ಚಿಕೊಂಡು ಕೈ ಚಾಚಿದಳು.

"ಪೇಪರಿನ ಓದು ಓದೋ ಹುಡುಗಿ ನೀನೇನಾ! ಬಾ ಮಗಳೇ, ಕೂತ್ಕೋ. ನಿನ್ನ ಸುದ್ದಿ ಎತ್ತಿದ್ರೆ ನಿನ್ನಕ್ಕನ ಬಾಯಿಗೆ ಬೀಗಾನೇ ಇಲ್ಲ. ಹನ್ನೊಂದು ಜನ ಇದ್ವಿ. ಮನೆ ಹುಡುಕ್ಕೊಂಡು ಬಂದೋಳು ಅವಳೊಬ್ಬಳೇ ನೋಡು. ಹೊಟ್ಟೇಲಿ ಹುಟ್ಟಿದ ಮಕ್ಕಳೂ ಹಾಗೆ ನೋಡ್ಕೊಳಲ್ಲ."

ಅವಳು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಅಲ್ಲೇ ಚೆಲ್ಲಿಹೋಯಿತು.

"ನಾನು ಯಾರ ಹತ್ರಾನೂ ಏನೂ ಹೇಳಿಲ್ಲ ಮಗಳೇ," ಎಂದಳು ದೊಡ್ಡಮ್ಮ. "ಯಾವ ಪುಣ್ಯಾತ್ಗಿತ್ತಿ ಹೇಳಿ ನನ್ನ ತಲೆಗೆ ಕಟ್ಟಿದ್ಲೋ. ನಾನೇ ಹೇಳೋದಾಗಿದ್ರೆ ಹೆಸರೂ ಹೇಳ್ತಿದ್ದೆ. ನನ್ನ ಹೆಸರಿಗೇನು ರೋಗ?" ತನ್ನ ಮಾತಿಗೆ ತಾನೇ ನಕ್ಕು, ಮಂಡಿ ಒತ್ತಿಕೊಂಡಳು. "ದೊಡ್ಡ ಡಾಕ್ಟ್ರಿಗೆ ಒಂದು ಅರ್ಜಿ ಕೊಡೋಣ ಅಂದ್ರೆ ನನಗೆ ಅಕ್ಷರ ಬರಲ್ಲ. ನಿನ್ನಕ್ಕನಿಗೆ ಹೇಳ್ದೆ. ಒಂದು ವಾರ ಪೆನ್ನು ಮರೆತು ಬಂದ್ಲು. ಇನ್ನೊಂದು ವಾರ, ನನ್ನ ತಂಗಿ ಅಂಗಡೀಲಿ ಟೈಪು ಮಾಡಿಸಿ ತರ್ತೀನಿ ಅಂದ್ಲು. ಅವಳಿಗೂ ನೂರು ತಾಪತ್ರಯ, ಪಾಪ. ನಿನ್ನ ಹತ್ರ ಹೇಳಿದ್ಲಾ?"

"ಇಲ್ಲ ದೊಡ್ಡಮ್ಮ."

"ನೋಡು, ಮರೆತಿದಾಳೆ. ಹೋಗ್ಲಿ, ನೀನೇ ಬಂದ್ಯಲ್ಲ. ಪೆನ್ನಿದೆಯಾ?"

ಪೆನ್ನಿತ್ತು. ತರಗತಿಗೆಂದು ಸದಾ ಚೀಲದಲ್ಲಿರುತ್ತಿದ್ದ ಬಿಳಿ ಹಾಳೆಗಳೂ ಇದ್ದವು. ಪುಸ್ತಕವೊಂದನ್ನು ತೊಡೆಯ ಮೇಲಿಟ್ಟು ಅವಳು ಬರೆಯಲು ಶುರುಮಾಡಿದಳು. ಮೊದಲ ಸಾಲಿನಲ್ಲೇ ಒತ್ತಕ್ಷರ ಉದ್ದಕ್ಕೆ ಇಳಿಯಿತು. ಗಂಜಿ ಸಾಹೇಬನ ಖಾನೆಯಲ್ಲಿ ಇದೇ ಕೈಬರಹದ ಪ್ರತಿಯೊಂದು ಇತ್ತು. ಅವಳು ಆ ಹಾಳೆಯನ್ನು ಹರಿದು ಇನ್ನೊಂದು ತೆಗೆದುಕೊಂಡಳು. ಎರಡನೆಯದರಲ್ಲಿ ಅಕ್ಷರಗಳನ್ನು ಓರೆಯಾಗಿ, ಚಿಕ್ಕದಾಗಿ, ಬೇರೆ ಯಾರೋ ಬರೆದ ಹಾಗೆ ಕೊರೆಯುತ್ತ ಮೂರು ಸಾಲು ಹೋದಳು.

"ಏನು ಬರ್ದೆ, ಓದು," ಎಂದಳು ದೊಡ್ಡಮ್ಮ.

"'ಮೇಲೆ ಹೇಳಿದ ವರದಿಯಲ್ಲಿರುವ ಮಾತುಗಳನ್ನು ನಾನು ಆಡಿರುವುದಿಲ್ಲ.'"

"ಹಂಗೇ. ಆಮೇಲೆ, ಆಡಿದೋರು ಯಾರೂ ಅಂತ ನನಗೆ ಗೊತ್ತಿಲ್ಲ, ಗೊತ್ತಿದ್ರೂ ಹೇಳಲ್ಲ ಅಂತ ಬರಿ. ಅವರಿಗೂ ಹೊಟ್ಟೆ ಇರುತ್ತೆ."

ಪೆನ್ನು ನಿಂತಿತು. ಎರಡನೇ ಹಾಳೆಯನ್ನೂ ಅವಳು ಹರಿದಳು.

ಮೂರನೆಯದನ್ನು ಅವಳು ತನಗೆ ಬರುವ ಹಾಗೆಯೇ ಬರೆದಳು. ದೊಡ್ಡಮ್ಮ ಹೇಳಿದ್ದನ್ನೆಲ್ಲ ಬರೆದಳು, ಹೇಳದ ಎರಡು ಸಾಲನ್ನೂ ಬರೆದಳು: ಆ ವರದಿ ಬರೆದದ್ದು ತಾನು, ಅದರಲ್ಲಿರುವ ಮುದುಕಿ ತನ್ನ ಕಲ್ಪನೆ. ದೊಡ್ಡಮ್ಮನ ಹೆಬ್ಬೆರಳಿಗೆ ಪೆನ್ನಿನ ಶಾಯಿ ಬಳಿದು ಒತ್ತಿಸಿಕೊಂಡಳು. ಅಕ್ಷರ ಬಾರದವರ ಅರ್ಜಿಯ ಕೆಳಗೆ ಬರೆದುಕೊಟ್ಟವರ ಹೆಸರೂ ವಿಳಾಸವೂ ಇರಬೇಕು. ಅಂಗಡಿಗೆ ಬರುವ ಅಂಥ ಎಷ್ಟೋ ಕಾಗದಗಳನ್ನು ಅವಳು ಕಂಡಿದ್ದಳು. 'ಬರೆದವರು' ಎಂದು ಹಾಕಿ, ಮುಂದೆ ತನ್ನ ಪೂರ್ತಿ ಹೆಸರು ಬರೆದಳು. ಅದರ ಕೆಳಗೆ ಅಕ್ಕನೂ ತಾನೂ ಇರುವ ಮನೆಯ ವಿಳಾಸ.

"ಬಲು ಉದ್ದ ಆಯ್ತಲ್ಲ," ಎಂದಳು ದೊಡ್ಡಮ್ಮ, ಕಾಗದವನ್ನು ದೂರ ಹಿಡಿದು.

"ಓದಿ ಹೇಳ್ತೀನಿ ದೊಡ್ಡಮ್ಮ. ಪೂರ್ತಿ ಓದ್ತೀನಿ."

"ತಡಿ, ನಿನ್ನಕ್ಕನೂ ಬರಲಿ, ಇನ್ನೇನು ಬರೋ ಹೊತ್ತು. ಅವಳೂ ಕೇಳಲಿ. ನಾಳೆ ಕೆಲಸಕ್ಕೆ ಹೋಗ್ತಾ ಅವಳೇ ಒಯ್ದು ಕೊಡ್ತಾಳೆ, ನನಗೆ ಮೆಟ್ಟಿಲು ಹತ್ತೋದು ತಪ್ಪುತ್ತೆ."

ದೊಡ್ಡಮ್ಮ ಅರ್ಜಿಯನ್ನು ಮಂಚದ ಮೇಲೆ ಹರಡಿ, ಅಂಗೈಯಿಂದ ಒಮ್ಮೆ ಸವರಿ, ಮೂಲೆಗೆ ಮೂಲೆ ಕೂಡಿಸಿ ನಾಲ್ಕು ಮಡಿಕೆ ಮಾಡಿದಳು. ಆಮೇಲೆ ಗೋಡೆ ಹಿಡಿದು ಎದ್ದು, ಟೀಗೆ ನೀರಿಟ್ಟು, ಮೂರು ಲೋಟಗಳನ್ನು ತೊಳೆದಳು. ಒಂದನ್ನು ತನ್ನ ಮುಂದೆ, ಒಂದನ್ನು ಹುಡುಗಿಯ ಮುಂದೆ ಇಟ್ಟಳು. ಬಾಗಿಲಿಂದ ಗಾಳಿ ಬೀಸುತ್ತಿತ್ತು. ಮೂರನೆಯ ಲೋಟವನ್ನು ಕಾಗದ ಹಾರದಿರಲಿ ಎಂದು ಅದರ ಮೇಲಿಟ್ಟಳು.